ವರ್ಥರನ ನೀಲಿ ಕೋಟು, ಏಳು ಕ್ಯಾಸೆಟ್ಟುಗಳು

2017ರ ಏಪ್ರಿಲ್ ತಿಂಗಳ ಒಂದು ಮುಂಜಾನೆ, ಇನ್ನೂ ಪತ್ರಿಕೆ ಬಿಡಿಸಿರಲಿಲ್ಲ, ನ್ಯೂಜೆರ್ಸಿಯಿಂದ ನನ್ನ ಅಕ್ಕನ ಮಗಳ ಫೋನ್ ಬಂತು. ಅಲ್ಲಿ ಆಗ ರಾತ್ರಿ. ಅವಳ ದನಿ ಎಂದಿನಂತಿರಲಿಲ್ಲ.

"ಮಾಮ, ಇವಳು ಎರಡು ದಿನದಿಂದ ರೂಮಿನ ಬಾಗಿಲು ಹಾಕಿಕೊಂಡು ಒಂದು ಸೀರಿಯಲ್ ನೋಡ್ತಿದ್ದಾಳೆ. ಹೈಸ್ಕೂಲು ಹುಡುಗಿ ಆತ್ಮಹತ್ಯೆ ಮಾಡಿಕೊಳ್ಳೋ ಕಥೆಯಂತೆ. ಇವತ್ತು ಸ್ಕೂಲಿನಿಂದ ಎಲ್ಲ ತಂದೆತಾಯಿಗಳಿಗೂ ಎಚ್ಚರಿಕೆಯ ಕಾಗದ ಬಂದಿದೆ. ನೀವು ಇಷ್ಟು ವರ್ಷ ಇದೇ ವಯಸ್ಸಿನ ಮಕ್ಕಳ ಜೊತೆ ಇದ್ದವರು. ಏನು ಮಾಡಲಿ ಹೇಳಿ."

"ನಿಲ್ಲಿಸಿಬಿಡು" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವಳು ನಿಲ್ಲಿಸಿದಳು. ಏಳನೆಯ ಕಂತೋ ಎಂಟನೆಯದೋ ನಡೆಯುತ್ತಿತ್ತಂತೆ. ಹದಿನೈದರ ಹುಡುಗಿ ಅತ್ತಳು, ಊಟ ಬಿಟ್ಟಳು, ಮರುದಿನ ಸುಮ್ಮನಾದಳು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ನಾವು ಹಿರಿಯರೆಲ್ಲ ತಿಳಿದೆವು.

ಆದರೆ ಅಷ್ಟು ಸಲೀಸಾಗಿ ಬಾಯಿಗೆ ಬಂದ ಆ ಉತ್ತರ ನನ್ನನ್ನು ಬಿಡಲಿಲ್ಲ. ಮೂರು ದಶಕಗಳಿಗೂ ಮೇಲ್ಪಟ್ಟು ಚರಿತ್ರೆಯ ಪಾಠ ಹೇಳಿದವನು ನಾನು. ಯಾವ ಪ್ರಶ್ನೆಯೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಅದರ ಬೇರು ಹುಡುಕಿರಿ ಎಂದು ನಿಮಗೆಲ್ಲ ಹೇಳುತ್ತಿದ್ದವನು. ಕಥೆಯೊಳಗಿನ ಎಳೆಯ ಸಾವು, ಅದನ್ನು ಓದುವ ಅಥವಾ ನೋಡುವ ಎಳೆಯರಿಗೆ ಕೇಡು ಮಾಡುತ್ತದೆಯೇ? ಈ ಪ್ರಶ್ನೆಗೆ ಎರಡೂವರೆ ಶತಮಾನದ ಚರಿತ್ರೆಯಿದೆ. ನಿವೃತ್ತನಿಗೆ ಸಮಯಕ್ಕೇನು ಕೊರತೆ? ಅಂದಿನಿಂದ ಆಗಾಗ ಓದುತ್ತ, ಟಿಪ್ಪಣಿ ಮಾಡಿಕೊಳ್ಳುತ್ತ ಬಂದಿದ್ದೇನೆ. ಇಲ್ಲಿ ಎಲ್ಲಿಯೂ ಸಾವಿನ ವಿಧಾನವನ್ನು ನಾನು ವಿವರಿಸುವುದಿಲ್ಲ. ಕಾರಣವು ಮುಂದೆ ಓದಿದಂತೆ ತಾನಾಗಿಯೇ ತಿಳಿಯುತ್ತದೆ.

ಜರ್ಮನಿಯಿಂದ ಆರಂಭಿಸಬೇಕು. 1774ರಲ್ಲಿ ಗಯಟೆ 'ತರುಣ ವರ್ಥರನ ದುಃಖಗಳು' ಎಂಬ ಕಾದಂಬರಿಯನ್ನು ಪ್ರಕಟಿಸಿದಾಗ ಅವನಿಗಿನ್ನೂ ಇಪ್ಪತ್ತೈದರ ಆಸುಪಾಸು. ಮುಂದೆ ಕಾಳಿದಾಸನ ಶಾಕುಂತಲವನ್ನು ಮನಸಾರೆ ಕೊಂಡಾಡಿದವನೂ ಇದೇ ಗಯಟೆ. ಕೈಗೆಟುಕದ ಹೆಣ್ಣನ್ನು ಪ್ರೀತಿಸಿ, ನೊಂದು, ಕಡೆಗೆ ತನ್ನ ಜೀವವನ್ನೇ ಕಳೆದುಕೊಳ್ಳುವ ತರುಣನ ಕಥೆ ಅದು. ಯೂರೋಪಿನ ತರುಣರು ಅದನ್ನು ಓದಿದ ರೀತಿಯನ್ನು ಇಂದು ಊಹಿಸುವುದೂ ಕಷ್ಟ. ವರ್ಥರನಂತೆ ನೀಲಿ ಕೋಟು, ಹಳದಿ ವೇಸ್ಟ್‌ಕೋಟು ತೊಟ್ಟು ಬೀದಿಯಲ್ಲಿ ತಿರುಗಾಡಿದರು. ನೆಪೋಲಿಯನ್ ಆ ಪುಸ್ತಕವನ್ನು ಏಳು ಸಲ ಓದಿದ್ದನಂತೆ. 1808ರಲ್ಲಿ ಗಯಟೆಯನ್ನು ಕಂಡಾಗ ಅದರ ಕುರಿತೇ ಮಾತು ತೆಗೆದನಂತೆ. ಇದರ ಜೊತೆಗೇ ಇನ್ನೊಂದು ಸುದ್ದಿಯೂ ಹಬ್ಬಿತು: ಆ ಪುಸ್ತಕ ಓದಿದ ತರುಣರು ಅದೇ ದಾರಿ ಹಿಡಿಯುತ್ತಿದ್ದಾರೆ ಎಂದು. 1775ರಲ್ಲಿ ಲೈಪ್‌ಜಿಗ್ ನಗರಾಡಳಿತವು ಪುಸ್ತಕವನ್ನು ನಿಷೇಧಿಸಿತು. ಪುಸ್ತಕದೊಡನೆ ಆ ಉಡುಪನ್ನೂ ನಿಷೇಧಿಸಿತು! ಬರ್ಲಿನ್ನಿನ ಪ್ರಕಾಶಕ ನಿಕೊಲಾಯ್ ಎಂಬಾತ ಅದೇ ವರ್ಷ ವರ್ಥರ್ ಬದುಕುಳಿದು ಸುಖವಾಗಿ ಸಂಸಾರ ಮಾಡುವ ವಿಡಂಬನೆಯೊಂದನ್ನು ಬರೆದ. ಗಯಟೆಯೇ ಎರಡನೆಯ ಮುದ್ರಣಕ್ಕೆ ಎಚ್ಚರಿಕೆಯ ಪದ್ಯವೊಂದನ್ನು ಸೇರಿಸಿದ. ಇಂದಿನ ಧಾರಾವಾಹಿಗಳ ಮೊದಲು ತೋರಿಸುವ ಎಚ್ಚರಿಕೆಯ ಫಲಕದ ಮುತ್ತಾತ ಅದು.

ನಿಜವಾಗಿ ಎಷ್ಟು ಮಂದಿ ಸತ್ತರು? 1778ರಲ್ಲಿ ವೈಮರ್ ನಗರದಲ್ಲಿ, ಗಯಟೆಯ ಮನೆಯ ಸಮೀಪವೇ, ಯುವತಿಯೊಬ್ಬಳು ತೀರಿಕೊಂಡಾಗ ಆಕೆಯ ಬಳಿ ಆ ಪುಸ್ತಕವಿತ್ತೆಂದು ಹೇಳುತ್ತಾರೆ. ಇಂಥ ಒಂದೆರಡು ಪ್ರಕರಣಗಳನ್ನು ಬಿಟ್ಟರೆ ಉಳಿದದ್ದೆಲ್ಲ ಬಾಯಿಂದ ಬಾಯಿಗೆ ಹರಿದ ಮಾತು. ಅಂದು ಎಣಿಸುವವರಿರಲಿಲ್ಲ. ಎಣಿಕೆಯಿಲ್ಲದ ಕಡೆ ಭಯವೂ ನಿಜದಂತೆ ಕಾಣುತ್ತದೆ, ನಿಜವೂ ಬರಿಯ ಭಯದಂತೆ ಕಾಣುತ್ತದೆ.

ಎಣಿಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1897ರಲ್ಲಿ ಫ್ರಾನ್ಸಿನ ಎಮಿಲ್ ಡರ್ಖೈಮ್ ಆತ್ಮಹತ್ಯೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಅನುಕರಣೆಯಿಂದಲೇ ಸಮಾಜ ನಡೆಯುತ್ತದೆ ಎಂದು ಸಾರುತ್ತಿದ್ದ ಗೇಬ್ರಿಯಲ್ ಟಾರ್ಡ್ ಅವನ ಎದುರಾಳಿ. ಒಬ್ಬರನ್ನು ನೋಡಿ ಇನ್ನೊಬ್ಬರು ಸಾಯುವುದುಂಟು ಎಂಬುದನ್ನು ಡರ್ಖೈಮ್ ಅಲ್ಲಗಳೆಯಲಿಲ್ಲ. ಆದರೆ ಅದರಿಂದ ಒಟ್ಟು ಸಮಾಜದ ಪ್ರಮಾಣ ಬದಲಾಗುವುದಿಲ್ಲ. ಹೇಗೂ ಹೋಗಲಿದ್ದವರು ಸ್ವಲ್ಪ ಮುಂಚೆ ಹೋಗುತ್ತಾರೆ, ಅಷ್ಟೇ ಎಂಬುದು ಅವನ ನಿಲುವು. ಈ ಮಾತು ಸುಮಾರು ಮುಕ್ಕಾಲು ಶತಮಾನ ವಿದ್ವತ್ತಿನ ಗದ್ದುಗೆಯಲ್ಲಿ ಕುಳಿತಿತ್ತು.

ಅದನ್ನು ಅಲುಗಾಡಿಸಿದವನು ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್. 1974ರಲ್ಲಿ ಅವನು ಮಾಡಿದ್ದು ನಮ್ಮ ಹೈಸ್ಕೂಲಿನ ಜಾಣ ಹುಡುಗನೂ ಮಾಡಬಹುದಾಗಿದ್ದ ಕೆಲಸ. ಆದರೆ ಯಾರಿಗೂ ಹೊಳೆದಿರಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಎರಡು ದಶಕಗಳ ಕಾಲ ಬಂದ ಆತ್ಮಹತ್ಯೆಯ ಸುದ್ದಿಗಳನ್ನು ಪಟ್ಟಿಮಾಡಿದ. ಪ್ರತಿಯೊಂದರ ನಂತರದ ತಿಂಗಳ ಸಾವಿನ ಲೆಕ್ಕವನ್ನು ಹಿಂದಿನ ಮತ್ತು ಮುಂದಿನ ವರ್ಷಗಳ ಅದೇ ತಿಂಗಳ ಲೆಕ್ಕದೊಡನೆ ಹೋಲಿಸಿದ. ಸುದ್ದಿ ದೊಡ್ಡದಾದಷ್ಟೂ ಏರಿಕೆ ದೊಡ್ಡದು. 1962ರ ಆಗಸ್ಟಿನಲ್ಲಿ ಮರ್ಲಿನ್ ಮನ್ರೋ ತೀರಿಕೊಂಡ ಬಳಿಕ ಅಮೆರಿಕದಲ್ಲಿ ಶೇಕಡ 12, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶೇಕಡ 10 ಹೆಚ್ಚಳ. ಡರ್ಖೈಮ್ ಹೇಳಿದಂತೆ ಹೇಗೂ ಹೋಗಲಿದ್ದವರೇ ಮುಂಚೆ ಹೋಗಿದ್ದರೆ ಅನಂತರದ ತಿಂಗಳುಗಳಲ್ಲಿ ಇಳಿಕೆ ಕಾಣಬೇಕಿತ್ತು. ಕಾಣಲಿಲ್ಲ. ಫಿಲಿಪ್ಸ್ ಇದಕ್ಕೆ ಕೊಟ್ಟ ಹೆಸರು 'ವರ್ಥರ್ ಪರಿಣಾಮ'.

ಆದರೆ ಅವು ನಿಜವಾದ ಸಾವುಗಳ ಸುದ್ದಿ. ಕಲ್ಪನೆಯ ಸಾವಿಗೂ ಅದೇ ಬಲವಿದೆಯೇ? 1982ರಲ್ಲಿ ಫಿಲಿಪ್ಸ್ ಅಮೆರಿಕದ ಕಿರುತೆರೆ ಧಾರಾವಾಹಿಗಳನ್ನು ಕೈಗೆತ್ತಿಕೊಂಡು, ಅಲ್ಲಿಯೂ ಏರಿಕೆ ಕಂಡೆನೆಂದು ಬರೆದ. 1984ರಲ್ಲಿ ಕೆಸ್ಲರ್ ಮತ್ತು ಸ್ಟಿಪ್ ಎಂಬಿಬ್ಬರು ಆ ಲೆಕ್ಕವನ್ನು ಮತ್ತೆ ತೆರೆದು ನೋಡಿದರು. ಫಿಲಿಪ್ಸ್ ಕಂತುಗಳನ್ನು ನೋಡಿರಲಿಲ್ಲ, ಪತ್ರಿಕೆಗಳ ಕಥಾಸಾರವನ್ನು ನಂಬಿದ್ದ. ಎಷ್ಟೋ ಪ್ರಸಾರದ ದಿನಾಂಕಗಳೇ ತಪ್ಪಾಗಿದ್ದವು! ದಿನಾಂಕ ಸರಿಪಡಿಸಿದೊಡನೆ ಪರಿಣಾಮವೂ ಮಾಯವಾಯಿತು. "ಇಸವಿ ತಪ್ಪಿದರೆ ಏನಾಗುತ್ತೆ ಸಾರ್, ವಿಷಯ ಗೊತ್ತಲ್ಲ" ಎಂದು ವಾದಿಸುತ್ತಿದ್ದ ಹಿಂದಿನ ಬೆಂಚಿನ ಮಹನೀಯರೇ, ಏನಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಅದೇ ಸಮಯಕ್ಕೆ ಅಮೆರಿಕದ ಟೆಲಿವಿಷನ್ ಕಂಪನಿಗಳು ಸದುದ್ದೇಶದಿಂದಲೇ ಹದಿಹರೆಯದವರ ಆತ್ಮಹತ್ಯೆಯನ್ನು ಕುರಿತು ಚಿತ್ರಗಳನ್ನು ತಯಾರಿಸತೊಡಗಿದ್ದವು. 1984ರ ಅಕ್ಟೋಬರಿನಿಂದ 1985ರ ಫೆಬ್ರವರಿಯೊಳಗೆ ಅಂಥ ನಾಲ್ಕು ಚಿತ್ರಗಳು ಪ್ರಸಾರವಾದವು. ಮಡಿಲಿನ್ ಗೌಲ್ಡ್ ಮತ್ತು ಡೇವಿಡ್ ಶಾಫರ್ ನ್ಯೂಯಾರ್ಕ್ ಪ್ರದೇಶದ ಆಸ್ಪತ್ರೆಗಳ ದಾಖಲೆ ತೆಗೆದರು. ಪ್ರಸಾರದ ಹಿಂದಿನ ಎರಡು ವಾರಗಳಲ್ಲಿ ಹದಿಹರೆಯದವರ ಪ್ರಯತ್ನಗಳು ಸರಾಸರಿ 14. ನಂತರದ ಎರಡು ವಾರಗಳಲ್ಲಿ 22. ನಾಲ್ಕರಲ್ಲಿ ಮೂರು ಚಿತ್ರಗಳ ಬಳಿಕ ಸಾವುಗಳೂ ನಿರೀಕ್ಷೆಗಿಂತ ಹೆಚ್ಚು. 1986ರಲ್ಲಿ ಇದು ಪ್ರಕಟವಾದಾಗ ದೊಡ್ಡ ಗದ್ದಲವಾಯಿತು. ಮರುವರ್ಷವೇ ಕ್ಯಾಲಿಫೋರ್ನಿಯ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳಲ್ಲಿ ಅದನ್ನು ಪರೀಕ್ಷಿಸಿ, ಇಲ್ಲಿ ಹಾಗೇನೂ ಆಗಿಲ್ಲವೆಂದು ಬರೆದವರಲ್ಲಿ ಒಬ್ಬನು ಯಾರು? ವರ್ಥರ್ ಪರಿಣಾಮಕ್ಕೆ ಹೆಸರಿಟ್ಟ ಅದೇ ಫಿಲಿಪ್ಸ್! ತನ್ನ ಕೂಸಿನ ವಿರುದ್ಧವೇ ಸಾಕ್ಷಿ ನುಡಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಗೌಲ್ಡ್ ಮತ್ತೆ ನಾಲ್ಕು ನಗರಗಳನ್ನು ನೋಡಿದರು. ನ್ಯೂಯಾರ್ಕ್ ಮತ್ತು ಕ್ಲೀವ್‌ಲ್ಯಾಂಡಿನಲ್ಲಿ ಏರಿಕೆ ಇತ್ತು. ಡಲ್ಲಾಸ್ ಮತ್ತು ಲಾಸ್ ಏಂಜಲೀಸಿನಲ್ಲಿ ಇರಲಿಲ್ಲ.

ಇಷ್ಟಾದ ಮೇಲೆ ಒಬ್ಬ ಮಾಸ್ತರನು ಬೇರೆ ಯಾವುದನ್ನು ಮರೆತರೂ ಮರೆಯಲಾಗದ ಪ್ರಕರಣಕ್ಕೆ ಬರುತ್ತೇನೆ. ಅದು ಪಶ್ಚಿಮ ಜರ್ಮನಿಯದು. 1981ರಲ್ಲಿ ಅಲ್ಲಿನ ಜೆಡ್‌ಡಿಎಫ್ ವಾಹಿನಿಯು ಆರು ಕಂತುಗಳ ಧಾರಾವಾಹಿಯೊಂದನ್ನು ಪ್ರಸಾರ ಮಾಡಿತು. ಹೆಸರು 'ಒಬ್ಬ ವಿದ್ಯಾರ್ಥಿಯ ಸಾವು'. ಹತ್ತೊಂಬತ್ತರ ಹುಡುಗ, ಮಧ್ಯಮ ವರ್ಗದ ಮನೆ, ಅಂತಿಮ ಪರೀಕ್ಷೆ ಹತ್ತಿರದಲ್ಲಿ. ಪ್ರತಿಯೊಂದು ಕಂತೂ ಅದೇ ಸಾವನ್ನು ಬೇರೆಯವರ ಕಣ್ಣಿನಿಂದ ನೋಡುತ್ತದೆ: ಒಮ್ಮೆ ತಂದೆತಾಯಿ, ಒಮ್ಮೆ ಅಧ್ಯಾಪಕರು, ಒಮ್ಮೆ ಸಹಪಾಠಿಗಳು, ಹೀಗೆ. ಯಾರೂ ಕೆಟ್ಟವರಲ್ಲ, ಆದರೆ ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬುದು ಕಥೆಯ ತಿರುಳು. ಇದಕ್ಕಿಂತ ಒಳ್ಳೆಯ ಉದ್ದೇಶ ಇರಲಾರದು. ಸಮಾಜದ ಕಣ್ಣು ತೆರೆಸಬೇಕೆಂದೇ ಅದನ್ನು ತಯಾರಿಸಿದ್ದರು. ಆದರೆ ಪ್ರತಿ ಕಂತಿನ ಆರಂಭದಲ್ಲಿ ಆ ಸಾವಿನ ದೃಶ್ಯ ಬರುತ್ತಿತ್ತು. ಆರು ವಾರ, ಆರು ಸಲ.

ಶ್ಮಿಟ್ಕೆ ಮತ್ತು ಹೇಫ್ನರ್ ಎಂಬ ಸಂಶೋಧಕರು ಅನಂತರ ಲೆಕ್ಕ ತೆಗೆದರು. ಅವರ ವರದಿ 1988ರಲ್ಲಿ ಬಂತು. ಕಥಾನಾಯಕನ ವಯಸ್ಸಿಗೆ ಹತ್ತಿರದ, 15ರಿಂದ 19 ವರ್ಷದ ಹುಡುಗರಲ್ಲಿ ಅದೇ ಬಗೆಯ ಸಾವುಗಳು ಶೇಕಡ 175ರವರೆಗೆ ಏರಿದ್ದವು. ವಯಸ್ಸು ನಾಯಕನಿಂದ ದೂರ ಸರಿದಂತೆ ಏರಿಕೆ ಕುಗ್ಗುತ್ತಿತ್ತು. ನಲವತ್ತು ದಾಟಿದ ಗಂಡಸರಲ್ಲಿ, ಮೂವತ್ತು ದಾಟಿದ ಹೆಂಗಸರಲ್ಲಿ ಏರಿಕೆಯೇ ಇರಲಿಲ್ಲ. 1982ರಲ್ಲಿ ಧಾರಾವಾಹಿ ಮರುಪ್ರಸಾರವಾದಾಗ ನೋಡಿದವರು ಕಡಿಮೆ. ಏರಿಕೆಯೂ ಅದಕ್ಕೆ ತಕ್ಕಂತೆ ಕಡಿಮೆ. ಅಮೆರಿಕದ ಲೆಕ್ಕಗಳಂತೆ ಇದನ್ನು ಸುಲಭವಾಗಿ ಪಕ್ಕಕ್ಕೆ ಸರಿಸಲಾಗುವುದಿಲ್ಲ. ಒಂದೇ ಔಷಧವನ್ನು ಎರಡು ಸಲ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದಂತಾಯಿತು. ಕೊಟ್ಟವರಿಗೆ ಮಾತ್ರ ತಾವು ಪ್ರಯೋಗ ನಡೆಸುತ್ತಿದ್ದೇವೆಂಬ ಅರಿವಿರಲಿಲ್ಲ.

ಇಂಗ್ಲೆಂಡಿನ ಕಥೆಯನ್ನು ಬೇಗ ಮುಗಿಸುತ್ತೇನೆ. 1996ರಲ್ಲಿ 'ಕ್ಯಾಶುವಾಲ್ಟಿ' ಎಂಬ ಆಸ್ಪತ್ರೆ ಧಾರಾವಾಹಿಯ ಒಂದು ಕಂತಿನಲ್ಲಿ ಪಾತ್ರವೊಂದು ಸಾಮಾನ್ಯ ಔಷಧವೊಂದರಿಂದ ತನಗೆ ತಾನೇ ಅಪಾಯ ತಂದುಕೊಳ್ಳುತ್ತದೆ. ಕೀತ್ ಹಾಟನ್ ಮತ್ತು ಸಂಗಡಿಗರು 49 ಆಸ್ಪತ್ರೆಗಳಿಂದ ಮಾಹಿತಿ ಸಂಗ್ರಹಿಸಿ 1999ರಲ್ಲಿ ವರದಿ ಮಾಡಿದರು. ಮೊದಲ ವಾರ ಇಂಥ ಪ್ರಕರಣಗಳು ಶೇಕಡ 17, ಎರಡನೆಯ ವಾರ ಶೇಕಡ 9 ಹೆಚ್ಚಾಗಿದ್ದವು.

ಇನ್ನು ನನ್ನ ಅಕ್ಕನ ಮಗಳು ಹೆದರಿ ಫೋನ್ ಮಾಡಿದ ಆ ಧಾರಾವಾಹಿ. ಜೇ ಆಶರ್ 2007ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿದ 'ಥರ್ಟೀನ್ ರೀಸನ್ಸ್ ವೈ' 2017ರ ಮಾರ್ಚ್ 31ರಂದು ನೆಟ್‌ಫ್ಲಿಕ್ಸಿನಲ್ಲಿ ಬಂತು. ಹೈಸ್ಕೂಲು ಹುಡುಗಿಯೊಬ್ಬಳು ಸಾಯುವ ಮುನ್ನ ತನಗೆ ಅನ್ಯಾಯ ಮಾಡಿದವರನ್ನು ಕುರಿತು ಕ್ಯಾಸೆಟ್ಟುಗಳಲ್ಲಿ ಮಾತನಾಡಿ ಬಿಟ್ಟುಹೋಗಿದ್ದಾಳೆ. ಹದಿಮೂರು ಕಂತು, ಹದಿಮೂರು ಕಾರಣ. ಹಿಂದಿನ ಕಾಲದಲ್ಲಿ ವಾರಕ್ಕೊಂದು ಕಂತು. ನಡುವೆ ಆರು ದಿನ ಹೊರಗಿನ ಗಾಳಿ ಬೀಸುತ್ತಿತ್ತು. ಈಗ ಹದಿಮೂರೂ ಒಂದೇ ದಿನ ಮಗುವಿನ ಕೈಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಕೊನೆಯ ಕಂತಿನಲ್ಲಿ ಸಾವಿನ ದೃಶ್ಯವನ್ನು ಸುಮಾರು ಮೂರು ನಿಮಿಷ ಬಿಡದೆ ತೋರಿಸಿದ್ದರು. ಆ ಘೋರವನ್ನು ಮರೆಮಾಚದೆ ತೋರಿಸಿದರೆ ಮಕ್ಕಳು ಅದರಿಂದ ದೂರ ಸರಿಯುತ್ತಾರೆ ಎಂದು ಬರಹಗಾರರಲ್ಲೊಬ್ಬರು ಆಗಲೇ ಸಮರ್ಥಿಸಿಕೊಂಡರು. ಒಪ್ಪಬಹುದಾದ ಮಾತಿನಂತೆಯೇ ಕೇಳುತ್ತದೆ. 1981ರ ಜರ್ಮನರೂ ಹಾಗೆಯೇ ನಂಬಿದ್ದಿರಬೇಕು. ನನಗೆ ದೃಶ್ಯಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಕಥೆಯ ಕಟ್ಟು. ಸತ್ತವಳು ಹದಿಮೂರು ಕಂತುಗಳಲ್ಲೂ ಮಾತನಾಡುತ್ತಲೇ ಇರುತ್ತಾಳೆ, ತಪ್ಪಿತಸ್ಥರೆಲ್ಲ ನಡುಗುವುದನ್ನು ನೋಡುತ್ತಿರುವಂತೆಯೇ ಇರುತ್ತಾಳೆ. ಸಾವಿನಿಂದ ಏನೋ ಗೆದ್ದಂತೆ. ಸತ್ತವರು ಏನನ್ನೂ ನೋಡುವುದಿಲ್ಲ. ಹದಿನೈದರ ಮನಸ್ಸಿಗೆ ಇದು ಅಷ್ಟು ಸುಲಭವಾಗಿ ನಾಟುವುದಿಲ್ಲ ಎಂಬುದು ಆ ವಯಸ್ಸಿನವರ ನಡುವೆ ಬದುಕಿದವರಿಗೆ ಗೊತ್ತು. ಜೊತೆಗೆ, ಕಥೆಯಲ್ಲಿ ಸಹಾಯ ಕೇಳಲು ಹೋದ ಹುಡುಗಿಗೆ ಶಾಲೆಯ ಆಪ್ತಸಮಾಲೋಚಕ ನೆರವಾಗುವುದೇ ಇಲ್ಲ. ಕೇಳಿ ಪ್ರಯೋಜನವಿಲ್ಲ ಎಂಬ ಪಾಠವನ್ನು ಯಾರಿಗೆ ಕಲಿಸುತ್ತಿದ್ದೇವೆ?

ಲೆಕ್ಕಗಳು ಬಂದವು. ಮೊದಲ 19 ದಿನಗಳಲ್ಲಿ ಗೂಗಲ್ಲಿನಲ್ಲಿ ಆತ್ಮಹತ್ಯೆಯನ್ನು ಕುರಿತ ಹುಡುಕಾಟ ನಿರೀಕ್ಷೆಗಿಂತ ಶೇಕಡ 19 ಹೆಚ್ಚಾಗಿತ್ತು. ಕೇಡಿನ ದಾರಿಯನ್ನು ಹುಡುಕಿದವರೂ ಇದ್ದರು, ಸಹಾಯವಾಣಿಯನ್ನು ಹುಡುಕಿದವರೂ ಇದ್ದರು. 2019ರಲ್ಲಿ ಜೆಫ್ರಿ ಬ್ರಿಜ್ ಮತ್ತು ಸಂಗಡಿಗರು, 10ರಿಂದ 17 ವಯಸ್ಸಿನವರಲ್ಲಿ 2017ರ ಏಪ್ರಿಲ್ ತಿಂಗಳ ಪ್ರಮಾಣ ಶೇಕಡ 28.9 ಏರಿತೆಂದೂ ವರ್ಷಾಂತ್ಯದೊಳಗೆ ಅಂದಾಜಿಗಿಂತ 195 ಸಾವುಗಳು ಹೆಚ್ಚಾದವೆಂದೂ ಬರೆದರು. ಆಸ್ಟ್ರಿಯದ ಥಾಮಸ್ ನೀಡರ್‌ಕ್ರೋಟೆಂಥಾಲರ್ ಮತ್ತು ಸಂಗಡಿಗರು ಅದೇ ವರ್ಷ ಬೇರೆ ಕ್ರಮದಲ್ಲಿ ಲೆಕ್ಕ ಮಾಡಿ, 10ರಿಂದ 19 ವಯಸ್ಸಿನವರಲ್ಲಿ ಮೂರು ತಿಂಗಳ ಏರಿಕೆ ಶೇಕಡ 13.3 ಎಂದರು. ಎರಡೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಆದರೆ ಬ್ರಿಜ್ ಅವರ ಲೆಕ್ಕದಲ್ಲಿ ಸ್ಪಷ್ಟವಾಗಿ ಏರಿದ್ದು ಹುಡುಗರದು, ಕಥೆಯ ನಾಯಕಿಯೋ ಹುಡುಗಿ! 2020ರಲ್ಲಿ ಡೇನಿಯಲ್ ರೋಮರ್ ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದರು. ಆ ವರ್ಷಗಳಲ್ಲಿ ಅಮೆರಿಕದ ಹದಿಹರೆಯದವರ ಸಾವು ಹೇಗೂ ಏರುತ್ತಲೇ ಇತ್ತು. ಹುಡುಗರಲ್ಲಿ ಧಾರಾವಾಹಿ ಬರುವ ಮುಂಚಿನ ಮಾರ್ಚಿನಲ್ಲೇ ಅಷ್ಟೇ ಏರಿಕೆ ಇತ್ತು. ಹಾಗಿರುವಾಗ ಏಪ್ರಿಲಿನದನ್ನು ಮಾತ್ರ ಧಾರಾವಾಹಿಯ ತಲೆಗೆ ಕಟ್ಟುವುದು ಹೇಗೆಂದು ಕೇಳಿದರು. ಕ್ರಿಸ್ಟೋಫರ್ ಫರ್ಗ್ಯೂಸನ್ ಎಂಬ ಮನಶ್ಶಾಸ್ತ್ರಜ್ಞರಂತೂ ಕಲ್ಪಿತ ಕಥೆಗಳ ಕುರಿತ ಎಲ್ಲ ಅಧ್ಯಯನಗಳನ್ನೂ ಒಟ್ಟುಗೂಡಿಸಿ, ಸಾಕ್ಷ್ಯ ಸಾಲದೆಂದು 2019ರಲ್ಲಿಯೇ ತೀರ್ಪಿತ್ತಿದ್ದರು.

ಹಾಗಾದರೆ ಯಾವುದು ಸರಿ? ನಿಜವಾದ ಸಾವಿನ ಅಬ್ಬರದ ವರದಿಯಿಂದ ಕೇಡಾಗುತ್ತದೆ ಎಂಬುದರಲ್ಲಿ ನನಗೆ ಈಗ ಸಂಶಯವಿಲ್ಲ. ಕಲ್ಪಿತ ಕಥೆಯ ವಿಷಯದಲ್ಲಿ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಧಾರಾವಾಹಿ ನೋಡಿದ ಕೋಟ್ಯಂತರ ಮಕ್ಕಳಲ್ಲಿ ಬಹುಪಾಲಿಗೆ ಏನೂ ಆಗಲಿಲ್ಲ. ಆದರೆ ನಾವು ಮಾತನಾಡುತ್ತಿರುವುದು ಬಹುಪಾಲನ್ನು ಕುರಿತಲ್ಲ. ಮೊದಲೇ ಅಂಚಿನಲ್ಲಿ ನಿಂತಿರುವ ಒಬ್ಬಿಬ್ಬರನ್ನು ಕುರಿತು. ನಲವತ್ತೈದು ಮಕ್ಕಳ ತರಗತಿಯಲ್ಲಿ ಅಂಥ ಮಗು ಯಾವುದೆಂದು ಹಾಜರಿ ಪುಸ್ತಕ ಹೇಳುವುದಿಲ್ಲ. ಆ ಒಂದು ಮಗುವಿಗಾಗಿ ಮೂರು ನಿಮಿಷದ ದೃಶ್ಯವನ್ನು ಬಿಟ್ಟುಕೊಡುವುದರಿಂದ ಕಲೆಗೆ ಆಗುವ ನಷ್ಟ ಏನು? 2019ರ ಜುಲೈಯಲ್ಲಿ, ವೈದ್ಯಕೀಯ ತಜ್ಞರ ಸಲಹೆ ಪಡೆದು, ನೆಟ್‌ಫ್ಲಿಕ್ಸ್ ಕಂಪನಿಯೇ ಆ ದೃಶ್ಯವನ್ನು ತೆಗೆದುಹಾಕಿತು. ಕಥೆಯೇನೂ ಕುಸಿದುಬೀಳಲಿಲ್ಲ. ಎರಡು ವರ್ಷ ತಡವಾಯಿತು, ಅಷ್ಟೆ.

ಇಷ್ಟು ಓದಿದಾಗ ನನ್ನ "ನಿಲ್ಲಿಸಿಬಿಡು" ಸರಿಯೇ ಇತ್ತೆಂದು ಬೆನ್ನು ತಟ್ಟಿಕೊಳ್ಳುವವನಿದ್ದೆ. ಆಗ ಕಣ್ಣಿಗೆ ಬಿತ್ತು 2019ರ ಇನ್ನೊಂದು ಅಧ್ಯಯನ. ಫ್ಲೋರಿಯನ್ ಆರೆಂಟ್, ರೋಮರ್ ಮತ್ತಿತರರು ಧಾರಾವಾಹಿಯ ಎರಡನೆಯ ಆವೃತ್ತಿಯ ಕಾಲದಲ್ಲಿ 18ರಿಂದ 29 ವರ್ಷದ ತರುಣ ತರುಣಿಯರನ್ನು ಪ್ರಸಾರದ ಮೊದಲೂ ಅನಂತರವೂ ಪ್ರಶ್ನಿಸಿದ್ದರು. ಪೂರ್ತಿ ನೋಡಿದವರಲ್ಲಿ ತಮಗೆ ಕೇಡು ಮಾಡಿಕೊಳ್ಳುವ ಆಲೋಚನೆ ಕಡಿಮೆಯಾಗಿತ್ತು. ಅರ್ಧಕ್ಕೆ ಬಿಟ್ಟವರಲ್ಲಿ ಅಪಾಯ ಹೆಚ್ಚಿತ್ತು. ಅರ್ಧಕ್ಕೆ ಬಿಟ್ಟದ್ದರಿಂದಲೇ ಹಾಗಾಯಿತೆಂದು ಹೇಳಲಾಗದು; ತಾಳಲಾರದವರೇ ಅರ್ಧಕ್ಕೆ ಬಿಟ್ಟಿರಬಹುದು. ಆದರೂ ಆ ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಕನ್ನಡಕ ತೆಗೆದಿಟ್ಟು ಕುಳಿತೆ. ನ್ಯೂಜಿಲೆಂಡಿನ ಚಿತ್ರ ವರ್ಗೀಕರಣ ಕಚೇರಿಯವರು ನನಗಿಂತ ಜಾಣರು. 2017ರಲ್ಲಿಯೇ ಅವರು ಈ ಧಾರಾವಾಹಿಗೆಂದು ಹೊಸ ದರ್ಜೆಯೊಂದನ್ನು ಸೃಷ್ಟಿಸಿದರು. ಹದಿನೆಂಟರ ಕೆಳಗಿನವರು ನೋಡಬಾರದು ಎಂದಲ್ಲ. ತಂದೆತಾಯಿ ಅಥವಾ ಪೋಷಕರ ಜೊತೆ ಕುಳಿತು ನೋಡಬೇಕು ಎಂದು.

ವರ್ಥರನಿಗೆ ಪ್ರತಿಯಾಗಿ ಸಂಶೋಧಕರು ಇನ್ನೊಂದು ಹೆಸರನ್ನೂ ಬಳಕೆಗೆ ತಂದಿದ್ದಾರೆ: ಪಾಪಗೇನೊ. 1791ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದ ಮೊಟ್ಸಾರ್ಟನ 'ಮಾಯಾ ಕೊಳಲು' ಗೀತನಾಟಕದ ಹಕ್ಕಿ ಹಿಡಿಯುವವನು ಅವನು. ಪ್ರಿಯತಮೆ ಸಿಗಲಿಲ್ಲವೆಂದು ಸಾಯಲು ಹೊರಡುತ್ತಾನೆ. ಮೂವರು ಬಾಲಕರು ಬಂದು, ನಿನ್ನ ಬಳಿ ಮಾಯಾಗಂಟೆಗಳಿವೆಯಲ್ಲ, ನುಡಿಸು ಎಂದು ನೆನಪಿಸುತ್ತಾರೆ. ಅವನು ಬದುಕುತ್ತಾನೆ. ನೀಡರ್‌ಕ್ರೋಟೆಂಥಾಲರ್ ಮತ್ತು ಸಂಗಡಿಗರು 2010ರಲ್ಲಿ ಆಸ್ಟ್ರಿಯದ ಪತ್ರಿಕೆಗಳನ್ನು ಪರಿಶೀಲಿಸಿದಾಗ, ಸಾವಿನ ಆಲೋಚನೆ ಬಂದೂ ಅದನ್ನು ದಾಟಿದವರ ಕಥೆಗಳು ಪ್ರಕಟವಾದ ಬಳಿಕ ಸಾವುಗಳು ಇಳಿದದ್ದು ಕಂಡಿತು. ಅದೇ ವಿಯೆನ್ನಾದಲ್ಲಿ 1987ರಲ್ಲಿ ಸುರಂಗ ರೈಲಿನ ದುರ್ಘಟನೆಗಳನ್ನು ರಂಜಿಸಿ ಬರೆಯುವುದನ್ನು ಪತ್ರಿಕೆಗಳು ತಜ್ಞರ ಕೋರಿಕೆಯ ಮೇರೆಗೆ ಕೈಬಿಟ್ಟವು. ಆ ವರ್ಷದ ಎರಡನೆಯ ಅರ್ಧದಲ್ಲಿ ಅಲ್ಲಿನ ಪ್ರಕರಣಗಳು ಶೇಕಡ 80ಕ್ಕೂ ಹೆಚ್ಚು ಇಳಿದವು. ಧಾರಾವಾಹಿ ಬಂದ 2017ರಲ್ಲಿಯೇ ಅಮೆರಿಕದ ಲಾಜಿಕ್ ಎಂಬ ರ‍್ಯಾಪ್ ಗಾಯಕ ಸಹಾಯವಾಣಿಯ ದೂರವಾಣಿ ಸಂಖ್ಯೆಯನ್ನೇ ತನ್ನ ಹಾಡಿಗೆ ಹೆಸರಾಗಿಟ್ಟ. ಸಹಾಯ ಕೇಳಿ ಬದುಕಿದವನ ಹಾಡು ಅದು. ಆ ಹಾಡು ಹೆಚ್ಚು ಸುದ್ದಿಯಲ್ಲಿದ್ದ 34 ದಿನಗಳಲ್ಲಿ ಸಹಾಯವಾಣಿಗೆ ಕರೆಗಳು ಶೇಕಡ 6.9 ಏರಿ, ಸಾವುಗಳು ಶೇಕಡ 5.5 ಇಳಿದವೆಂದು 2021ರ ವರದಿ. ಒಂದೇ ದೇಶ, ಒಂದೇ ವರ್ಷ, ಒಂದೇ ವಿಷಯ; ಹೇಳಿದ ಬಗೆ ಮಾತ್ರ ಬೇರೆ.

ನಮ್ಮ ದೇಶದಲ್ಲಿಯೂ ತಡವಾಗಿಯಾದರೂ ಕೆಲವು ಕೆಲಸಗಳು ನಡೆದಿವೆ. ಭಾರತೀಯ ಪತ್ರಿಕಾ ಮಂಡಳಿಯು 2019ರಲ್ಲಿ ಆತ್ಮಹತ್ಯೆಯ ವರದಿಗಾರಿಕೆಗೆ ಮಾರ್ಗಸೂಚಿ ಅಂಗೀಕರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಚಲನಚಿತ್ರ ಮತ್ತು ರಂಗಭೂಮಿಯವರಿಗೆಂದೇ ಒಂದು ಕೈಪಿಡಿ ತಂದಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನಿಂತಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಈ ಪುಟ ಓದುವವರಲ್ಲಿ ಯಾರಿಗಾದರೂ, ಅವರ ಮನೆಯ ಮಕ್ಕಳಿಗಾದರೂ ಬೇಕಾದರೆ ಸಂಕೋಚಪಡದೆ ಬಳಸಿಕೊಳ್ಳಿ.

ಈಗ ನನ್ನ ತಪ್ಪೊಪ್ಪಿಗೆ. 1972ರಲ್ಲಿ ಬಂದ 'ನಾಗರಹಾವು' ಚಿತ್ರವನ್ನು ನಿಮ್ಮಲ್ಲಿ ಹಿರಿಯರಾದವರು ಟೆಂಟಿನಲ್ಲೇ ನೋಡಿರುತ್ತೀರಿ. ಅದರ ಕೊನೆ ಎಂಥದೆಂದು ಹೇಳಬೇಕಾಗಿಲ್ಲ. ಆ ಚಿತ್ರ ಬಂದ ಮೇಲೆ ಊರಿನ ಮೇಷ್ಟರುಗಳೆಲ್ಲ ಒಳಗೊಳಗೇ ತಾವೂ ಒಬ್ಬ ಚಾಮಯ್ಯ ಮೇಷ್ಟ್ರು ಎಂದುಕೊಂಡದ್ದುಂಟು, ನಾನೂ ಹೊರತಲ್ಲ. ಹತ್ತು ವರ್ಷದ ನಂತರ, 1983ರ ಶಾಲಾ ವಾರ್ಷಿಕೋತ್ಸವಕ್ಕೆ ಹತ್ತನೆಯ ತರಗತಿಯ ಹುಡುಗನೊಬ್ಬ ತಾನೇ ಬರೆದ ಏಕಾಂಕವನ್ನು ನೋಟ್‌ಬುಕ್ಕಿನಲ್ಲಿ ತಂದುಕೊಟ್ಟ. ಪರೀಕ್ಷೆಯಲ್ಲಿ ನಪಾಸಾಗುವ ಹುಡುಗ, ಬೈಯುವ ತಂದೆ, ಕೊನೆಯಲ್ಲಿ ಸಾವು. ನಾನು ಸಿಬ್ಬಂದಿ ಕೋಣೆಯಲ್ಲಿ ನಿಂತೇ ಓದಿದೆ. "ಇದೆಲ್ಲ ಬೇಡ ಮಾರಾಯ, ನಾಲ್ಕು ಜನ ನಗೋ ಹಾಗೆ ಏನಾದ್ರೂ ಬರಿ" ಎಂದು ನೋಟ್‌ಬುಕ್ಕನ್ನು ಹಿಂದಿರುಗಿಸಿದೆ. ಅವನು ಬರೆದ. ಆ ಪ್ರಹಸನಕ್ಕೆ ಜನ ಬಿದ್ದು ಬಿದ್ದು ನಕ್ಕರು. ಆ ತಂಡದವರು ಇದನ್ನು ಓದುತ್ತಿದ್ದರೆ ನಿಮಗೆ ನಗು ನೆನಪಿರುತ್ತದೆ, ಮೊದಲ ನಾಟಕ ಗೊತ್ತೇ ಇರಲಿಕ್ಕಿಲ್ಲ. ಆ ಹುಡುಗನ ಅಂಕಗಳು ಅರ್ಧವಾರ್ಷಿಕ ಪರೀಕ್ಷೆಯಿಂದ ಇಳಿಯುತ್ತ ಬಂದಿದ್ದವು. ಅದನ್ನು ನಾನೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ. ಇದನ್ನು ಏಕೆ ಬರೆದೆಯಪ್ಪ ಎಂದು ಮಾತ್ರ ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ನ್ಯೂಜೆರ್ಸಿಯ ಮೊಮ್ಮಗಳು ಊರಿಗೆ ಬಂದಿದ್ದಳು. ಈಗ ಓದು ಮುಗಿಸಿ ಕೆಲಸದಲ್ಲಿದ್ದಾಳೆ. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ ಆ ಧಾರಾವಾಹಿಯ ಮಾತು ತೆಗೆದೆ. ಅವಳು ನಕ್ಕಳು. "ಉಳಿದದ್ದನ್ನು ಫ್ರೆಂಡ್ ಮನೇಲಿ ನೋಡಿದೆ ಅಜ್ಜ. ಅವಳ ಅಮ್ಮನೂ ನಮ್ಮ ಜೊತೆ ಕೂತು ನೋಡಿದರು." ಆಮೇಲೆ ಸ್ವಲ್ಪ ತಡೆದು ಹೇಳಿದಳು: "ನಮ್ಮ ಕ್ಲಾಸಿನಲ್ಲಿ ಒಬ್ಬಳು ಆ ಹುಡುಗಿ ಥರಾನೇ ಮಾತಾಡ್ತಿದ್ದಳು. ಅದಕ್ಕೇ ನೋಡ್ತಿದ್ದೆ, ಏನು ಮಾಡಬೇಕು ಅಂತ ಗೊತ್ತಾಗುತ್ತೇನೋ ಅಂತ. ಅಮ್ಮ ಕೇಳಲಿಲ್ಲ. ನೀವೂ ಕೇಳಲಿಲ್ಲ." ಗೆಳತಿಯ ಅಮ್ಮ ಕೇಳಿದ್ದರು. ಮರುದಿನ ಆಕೆಯೇ ಶಾಲೆಗೆ ಹೋಗಿ ವಿಷಯ ತಿಳಿಸಿದ್ದರು. ಆ ಮಗು ಈಗ ಚೆನ್ನಾಗಿದೆಯಂತೆ.

ಅವಳು ವಿಮಾನ ಹತ್ತಿದ ಮೇಲೆ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿ, 1983ರ ಆ ನಾಟಕಕಾರನ ದೂರವಾಣಿ ಸಂಖ್ಯೆ ಪಡೆದೆ. ಅವನಿಗೂ ಈಗ ನರೆ ಬಂದಿದೆಯಂತೆ. ನಾಲ್ಕು ದಶಕ ತಡವಾಗಿ ಕೇಳಿದೆ, ಅದನ್ನು ಏಕೆ ಬರೆದಿದ್ದೆ ಎಂದು. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. "ಫೋನಿನಲ್ಲಿ ಬೇಡ ಸಾರ್. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ತಗೊಂಡು ಬರ್ತೀನಿ" ಎಂದ. ಈ ಭಾನುವಾರ ಬರುತ್ತಾನಂತೆ.